ಬೆಳ್ಳಿ ಕರಡಿಗೆಯೊಳಗಿನ ಔಷಧಿ

ಆ ಬೆಳಿಗ್ಗೆ ಹಿಮ ಬೀಳುತ್ತಿತ್ತು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಬೀಳುತ್ತಿರಲಿಲ್ಲ. ಹಿಂದಿನ ದಿನ ಬಿದ್ದದ್ದು ರಸ್ತೆಯ ಮೇಲೆ ಗಟ್ಟಿಯಾಗಿ ಕೂತಿತ್ತು, ಕಾಲಿಟ್ಟರೆ ಜಾರುತ್ತಿತ್ತು. ಬೀಳುವ ಹಿಮ ನಾನು ಆಮೇಲೆ ಸೇರಿಸಿದ್ದು. ಈ ಸಂಗತಿಯನ್ನು ಒಂದಿಬ್ಬರು ಗೆಳೆಯರಿಗೆ ಹೇಳಿದ್ದೇನೆ, ಅದೂ ಅರ್ಧ. ಹೇಳಿದಾಗಲೆಲ್ಲ ಅದೊಂದು ಸೊಗಸಾದ ಕಥೆಯಾಗುತ್ತಿತ್ತು, ಅದರಲ್ಲಿ ನಾನು ಪರದೇಶದಲ್ಲಿ ಸಿಕ್ಕಿಕೊಂಡ ಪಾಪದವನಾಗಿರುತ್ತಿದ್ದೆ. ಅದಕ್ಕೇ ಈ ಸಲ ಹಿಮವನ್ನು ತೆಗೆದುಹಾಕಿ ಶುರುಮಾಡುತ್ತೇನೆ.

ನನ್ನ ಊರು ತಿ. ನರಸೀಪುರ ತಾಲ್ಲೂಕಿನ ಮೂಗೂರು. ಓದು ಮುಗಿಸಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿಗೆ ಮೆಷಿನ್ ಕೂರಿಸಲು ಜಪಾನಿನಿಂದ ಇಂಜಿನಿಯರುಗಳು ಬರುತ್ತಿದ್ದರು. ಅವರ ಜೊತೆ ಕೈಸನ್ನೆ ಮಾಡುತ್ತ ಮಾಡುತ್ತ ನಾಲ್ಕು ಪದ ಕಲಿತೆ. ಅದನ್ನು ಕಂಡ ಕಾರ್ಖಾನೆಯವರು, ಸರಿಯಾಗಿಯೇ ಕಲಿತು ಬಾ ಎಂದು ಒಂದು ವರ್ಷದ ಮಟ್ಟಿಗೆ ಅಲ್ಲಿಗೇ ಕಳಿಸಿದರು.

ನಾವು ಲಿಂಗ ಕಟ್ಟಿಕೊಳ್ಳುವ ಜನ. ಚಿಕ್ಕಂದಿನಲ್ಲಿ ಮಠದ ಸ್ವಾಮಿಗಳು ಕೊಟ್ಟ ಲಿಂಗ, ಅದನ್ನಿಡಲು ನಿಂಬೆಹಣ್ಣಿನ ಗಾತ್ರದ ಬೆಳ್ಳಿ ಕರಡಿಗೆ, ಕೊರಳಿಗೆ ದಾರ. ಬೆಳಿಗ್ಗೆ ಮೈತೊಳೆದು, ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ನೀರು, ವಿಭೂತಿ, ಹೂವು ಏರಿಸಿ, ಆಮೇಲೆ ಬಾಯಿಗೆ ಏನಾದರೂ ಹಾಕಿಕೊಳ್ಳಬೇಕು. ಹೊರಡುವ ದಿನ ಅವ್ವ ಹೇಳಿದ್ದು ಒಂದೇ ಮಾತು.

"ಎಲ್ಲಾದ್ರೂ ಇರು, ಏನಾದ್ರೂ ಮಾಡು. ಕತ್ನಲ್ಲಿ ಲಿಂಗ ಇಲ್ದೆ ತೊಟ್ಟು ನೀರೂ ಕುಡೀಬ್ಯಾಡ ಕಣಪ್ಪ."

"ಆಯ್ತು ಕಣವ್ವ," ಅಂದೆ.

ಜಪಾನಿನ ಪಶ್ಚಿಮ ಕಡಲಿನ ಕಡೆ ಒಂದು ಸಣ್ಣ ಊರು. ಭಾಷಾ ಶಾಲೆಯವರು ನನ್ನನ್ನು ಒಬ್ಬ ಅಜ್ಜಿಯ ಮನೆಯಲ್ಲಿ ಇರಿಸಿದರು. ಎಪ್ಪತ್ತು ದಾಟಿದ ಹೆಂಗಸು, ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಗಂಡ ತೀರಿಹೋಗಿದ್ದರು. ಕೆಳಗಿನ ಕೋಣೆಯಲ್ಲಿ ಬೀರುವಿನಂಥ ಒಂದು ಕರಿಮರದ ದೇವರಗೂಡು, ಅದರೊಳಗೆ ಗಂಡನ ಫೋಟೊ. ದಿನವೂ ಬೆಳಿಗ್ಗೆ ಅಜ್ಜಿ ಮೊದಲ ಅನ್ನವನ್ನು ಸಣ್ಣ ಬಟ್ಟಲಲ್ಲಿ ಅಲ್ಲಿಟ್ಟು, ಒಂದು ಪುಟ್ಟ ಗಂಟೆ ಬಾರಿಸಿ, ಕೈಮುಗಿದು, ಅದಾದ ಮೇಲೆಯೇ ನಮಗೆ ಬಡಿಸುತ್ತಿದ್ದರು. ಮಹಡಿಯ ಇನ್ನೊಂದು ಕೋಣೆಯಲ್ಲಿ ಫ್ರಾನ್ಸಿನವನೊಬ್ಬ ಇದ್ದ, ನನ್ನ ವಯಸ್ಸಿನವನೇ.

ಹೋದ ಮೊದಲ ವಾರದ ಒಂದು ಸಂಜೆ ಊಟಕ್ಕೆ ಕೂತಿದ್ದೆವು. ಫ್ರಾನ್ಸಿನವನು ತನ್ನ ಅಜ್ಜಿಯ ಬಗ್ಗೆ ತಮಾಷೆ ಮಾಡುತ್ತಿದ್ದ. ಆಕೆ ಕೀ ಕಳೆದುಹೋದರೂ ಸಂತರಿಗೆ ಹರಕೆ ಹೊರುತ್ತಾಳಂತೆ, ಪರ್ಸಿನಲ್ಲಿ ಸಂತರ ಚಿತ್ರ ಇಟ್ಟುಕೊಂಡೇ ಹೊರಗೆ ಹೋಗುತ್ತಾಳಂತೆ. ನಾನೂ ನಕ್ಕೆ, ಅಗತ್ಯಕ್ಕಿಂತ ಜಾಸ್ತಿಯೇ. ಆಗ ಬಗ್ಗಿದೆನೋ ಏನೋ, ಕರಡಿಗೆ ಟೀ ಶರ್ಟಿನಿಂದ ಹೊರಗೆ ಜಾರಿತು. ಅಜ್ಜಿ ನೋಡಿದರು, ಅವನೂ ನೋಡಿದ.

"ಅದೇನದು?" ಅಂದರು ಅಜ್ಜಿ.

ದೇವರು ಎನ್ನುವುದಕ್ಕೆ ಅವರ ಪದ ನನಗೆ ಗೊತ್ತಿತ್ತು. ನಂಜನಗೂಡಿನಲ್ಲಿ ಇಂಜಿನಿಯರುಗಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಹತ್ತು ಸಲ ಆ ಪದ ಬಳಸಿದ್ದೆ. ಪದ ಬರಲಿಲ್ಲ ಎಂದು ನಾನು ಯಾರಿಗಾದರೂ ಹೇಳಿದ್ದರೆ ಅದು ಸುಳ್ಳು. ಬಾಯಿಗೆ ಬಂದ ಪದವನ್ನು ನುಂಗಿ, "ಔಷಧಿ," ಅಂದೆ.

ಅಜ್ಜಿಯ ಮುಖ ಬದಲಾಯಿತು. ಕೈಯನ್ನು ತಮ್ಮ ಎದೆಯ ಮೇಲಿಟ್ಟು, "ಇಲ್ಲಿಗಾ?" ಎಂದು ಕೇಳಿದರು.

ತಲೆ ಆಡಿಸಿದೆ.

ನಾನು ಹೃದಯದ ಖಾಯಿಲೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ತಲೆ ಆಡಿಸಿದೆ ಅಷ್ಟೆ. ಮೂರ್ನಾಲ್ಕು ವರ್ಷ ಇದೇ ನನ್ನ ಸಮರ್ಥನೆಯಾಗಿತ್ತು. ಅಜ್ಜಿಯ ಗಂಡ ಸತ್ತದ್ದು ಎದೆನೋವಿನಿಂದ, ಅದೇ ಮನೆಯಲ್ಲಿ, ಅದೇ ಊಟದ ಮೇಜಿನ ಹತ್ತಿರ ಎಂದು ಗೊತ್ತಾದದ್ದು ಇನ್ನೊಂದು ವಾರ ಕಳೆದ ಮೇಲೆ. ಆಗಲಾದರೂ ಹೇಳಬಹುದಿತ್ತು.

ಮಾರನೆಯ ದಿನದಿಂದ ಸಾರಿನಲ್ಲಿ ಉಪ್ಪು ನಿಂತಿತು. ನಾನು ಮೀನು ತಿನ್ನುವುದಿಲ್ಲ ಎಂದು ಅಜ್ಜಿ ಆಗಲೇ ಮೀನಿನ ಬದಲು ಕಡಲ ಸೊಪ್ಪನ್ನು ಕುದಿಸಿ ನನಗೇ ಬೇರೆ ಸಾರು ಮಾಡುತ್ತಿದ್ದರು. ಈಗ ಅದಕ್ಕೆ ಹುಳಿಬರಿಸಿದ ಸೋಯಾ ಕಾಳಿನ ಮುದ್ದೆಯನ್ನೂ ಹಾಕುವಂತಿಲ್ಲ, ಅದರಲ್ಲಿ ಉಪ್ಪಿದೆ. ಉಪ್ಪಿನಕಾಯಿ ಹೋಯಿತು. ನನ್ನೊಬ್ಬನಿಗೇ ಹಾಗೆ ಬಡಿಸುವುದು ಸರಿಯಲ್ಲವೆಂದು ತಾವೂ ಅದನ್ನೇ ಉಣ್ಣತೊಡಗಿದರು. ಫ್ರಾನ್ಸಿನವನ ಮುಂದೆ ಮಾತ್ರ ಸೋಯಾ ಸಾಸಿನ ಸಣ್ಣ ಬಾಟಲಿ ಇರುತ್ತಿತ್ತು. ನಾನು ಅದನ್ನು ನೋಡುತ್ತ ಉಣ್ಣುತ್ತಿದ್ದೆ.

ಡಿಸೆಂಬರಿನಲ್ಲಿ ಹಿಮ ಶುರುವಾಯಿತು. ಆ ಕಡೆ ಪ್ರತಿ ಮನೆಯವರೂ ಬೆಳಿಗ್ಗೆ ಎದ್ದು ತಮ್ಮ ಬಾಗಿಲ ಮುಂದಿನ ಹಿಮವನ್ನು ಅಗಲವಾದ ಸಲಿಕೆಯಿಂದ ಬಾಚಿ ದಾರಿ ಬಿಡಿಸಬೇಕು. ನಮ್ಮ ಕಡೆ ಬಾಗಿಲಿಗೆ ನೀರು ಹಾಕಿದ ಹಾಗೆ, ಅದನ್ನು ಮಾಡದಿದ್ದರೆ ಬೀದಿಯವರ ಮುಂದೆ ಮರ್ಯಾದೆಯಿಲ್ಲ. ಮೊದಲ ದಿನ ನಾನು ಹುರುಪಿನಿಂದ ಸಲಿಕೆ ತೆಗೆದುಕೊಂಡೆ. ಅಜ್ಜಿ ಓಡಿಬಂದು ಕಿತ್ತುಕೊಂಡರು. "ಗಂಡಸರಿಗೆ ಎದೆ ನಿಲ್ಲುವುದೇ ಇದರಲ್ಲಿ," ಅಂದರು. ಫ್ರಾನ್ಸಿನವನು ಎದ್ದರೆ ಬಾಚುತ್ತಿದ್ದ, ಅವನು ಏಳುತ್ತಿದ್ದುದು ವಾರಕ್ಕೆ ಎರಡು ದಿನ. ಉಳಿದ ದಿನ ಅಜ್ಜಿಯೇ. ನಾನು ಕಿಟಕಿಯ ಒಳಗೆ, ಕಾಲಿಗೆ ಬಿಸಿ ತಾಗುವ ಮೇಜಿನಡಿ ಕೂತು ಪದಗಳ ಪಟ್ಟಿ ಬಾಯಿಪಾಠ ಮಾಡುತ್ತಿದ್ದೆ. ಹೊರಗೆ ಸಲಿಕೆ ರಸ್ತೆಗೆ ತಾಗುವ ಶಬ್ದ. ಮೊದಲ ವಾರ ಆ ಶಬ್ದಕ್ಕೆ ಪಾಠ ತಪ್ಪುತ್ತಿತ್ತು. ಆಮೇಲೆ ತಪ್ಪಲಿಲ್ಲ. ಅದನ್ನು ಬರೆಯುವುದೇ ಕಷ್ಟ.

ಅಷ್ಟರಲ್ಲಿ ಕರಡಿಗೆ ಕೊರಳಿನಿಂದ ಮೇಜಿನ ಡ್ರಾಯರಿಗೆ ಬಂದಿತ್ತು. ಬಿಸಿನೀರಿನ ಬುಗ್ಗೆಗೆ ಹೋದಾಗ ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ ಎಂದು ಬಿಚ್ಚಿಟ್ಟೆ, ಮತ್ತೆ ಕಟ್ಟಲಿಲ್ಲ. ಗಂಧಕದ ಕಾರಣ ನಿಜವೇ, ಆದರೆ ನಾನು ಬುಗ್ಗೆಗೆ ಹೋದದ್ದು ಒಂದೇ ಸಲ. ದಿನವೂ ಅಲ್ಲಿ ಹತ್ತು ಗಂಟೆಗೆ, ತರಗತಿಯ ಬಿಡುವಿನಲ್ಲಿ, ಅವ್ವನ ಫೋನ್ ಬರುತ್ತಿತ್ತು. ಊರಿನಲ್ಲಿ ಆಗ ಆರೂವರೆ. ಅವ್ವ ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡುವವಳು, ಹೊರಡುವ ಮೊದಲು ಕೇಳುತ್ತಿದ್ದಳು.

"ಪೂಜೆ ಆಯ್ತಾ?"

"ಆಯ್ತು ಕಣವ್ವ."

"ಉಂಡ್ಯಾ?"

"ಉಂಡೆ."

ಎರಡರಲ್ಲಿ ಒಂದು ನಿಜವಾಗಿರುತ್ತಿತ್ತು.

ಶಿವರಾತ್ರಿಯ ದಿನ ಅವ್ವ ವಿಡಿಯೊ ಕರೆ ಮಾಡುತ್ತೇನೆ ಎಂದಳು, ಲಿಂಗದ ಸಮೇತ ನೋಡಬೇಕಂತೆ. ಅವಳಿಗಾಗಿ ಬೇಗ ಎದ್ದು, ವಿಭೂತಿ ಹಚ್ಚಿ, ಕರಡಿಗೆ ಕಟ್ಟಿಕೊಂಡು, ಕೋಣೆಯ ಬಾಗಿಲು ಹಾಕಿಕೊಂಡು ಫೋನಿನ ಮುಂದೆ ಕೂತೆ. ಊರಿನಲ್ಲಿ ಇನ್ನೂ ನಾಲ್ಕು ಗಂಟೆ, ಹಬ್ಬವೆಂದು ಆಗಲೇ ಎದ್ದಿದ್ದ ಅವ್ವ ನೋಡಿ ಸಂತೋಷಪಟ್ಟಳು. ಕರೆ ಮುಗಿದ ಮೇಲೆ ಕೆಳಗೆ ಹೋಗಿ ವಿಭೂತಿ ತೊಳೆದೆ, ಕರಡಿಗೆಯನ್ನು ಬಿಚ್ಚಿ ಬೇಸಿನ್ನಿನ ಮೇಲಿನ ಹಲಗೆಯಲ್ಲಿಟ್ಟೆ, ಅಲ್ಲೇ ಮರೆತು ಶಾಲೆಗೆ ಹೊರಟೆ.

ಬಸ್ ನಿಲ್ದಾಣ ಇಳಿಜಾರಿನ ಕೊನೆಗಿತ್ತು. ಅಲ್ಲಿ ನಿಂತು ತಿರುಗಿ ನೋಡಿದರೆ ಅಜ್ಜಿ ಬರುತ್ತಿದ್ದರು. ಕೋಟಿಲ್ಲ, ಕಾಲಲ್ಲಿ ಮನೆಯೊಳಗಿನ ಮೆತ್ತನೆ ಚಪ್ಪಲಿ. ಓಡುತ್ತಿದ್ದರು. ಆ ವಯಸ್ಸಿನವರು ಓಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೈಯಲ್ಲಿ ಹೊಳೆಯುತ್ತಿದ್ದುದು ಏನೆಂದು ತಕ್ಷಣ ಗೊತ್ತಾಯಿತು. ನನಗೆ ಮೊದಲು ಅನಿಸಿದ್ದು ಬಸ್ ಬೇಗ ಬಂದುಬಿಡಲಿ ಎಂದು. ಬಸ್ ಬರಲಿಲ್ಲ. ತಿರುವಿನಲ್ಲಿ ಅಜ್ಜಿಯ ಕಾಲು ಜಾರಿತು. ಕರಡಿಗೆ ಬಲಗೈಯಲ್ಲಿತ್ತು. ಅದನ್ನು ಬಿಡದೆ ಎಡಗೈ ಊರಿಕೊಂಡು ಬಿದ್ದರು. ಬೇರೆ ಯಾವುದರಲ್ಲಿ ಅನುಮಾನವಿದ್ದರೂ ಇದರಲ್ಲಿ ಇಲ್ಲ, ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಓಡಿಹೋದೆ. ಅಜ್ಜಿ ಬಿದ್ದಲ್ಲಿಂದಲೇ ಕರಡಿಗೆ ಮುಂದೆ ಚಾಚಿದರು.

"ತಗೊ. ಮೊದಲು ಇದನ್ನು ತಗೊ. ಓಡಿಬಂದಿದ್ದೀಯ."

ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ನಾನು ಔಷಧಿ ತೆಗೆದುಕೊಳ್ಳುವ ತನಕ ಏಳುವವರಲ್ಲ ಎಂದು ಗೊತ್ತಾಯಿತು. ನಾನು ಮಂಡಿಯೂರಿ ಕೂತು, ಕರಡಿಗೆಯ ಮುಚ್ಚಳ ತಿರುಗಿಸಿ, ಎರಡು ಬೆರಳು ಒಳಗೆ ಹಾಕಿ, ಲಿಂಗವನ್ನು ಮುಟ್ಟಿ, ಬರೀ ಬೆರಳನ್ನು ಬಾಯಿಗೆ ತಂದು, ನುಂಗಿದೆ.

ಅಜ್ಜಿ ಉಸಿರು ಬಿಟ್ಟರು. ಆಮೇಲೆ ತಮ್ಮ ಕೈ ನೋಡಿಕೊಂಡರು.

ನಿಲ್ದಾಣದಲ್ಲಿ ಜನ ನೋಡುತ್ತಿದ್ದರು, ಅದಕ್ಕೇ ಹಾಗೆ ಮಾಡಬೇಕಾಯಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಬ್ಬರು ಶಾಲೆ ಹುಡುಗಿಯರು ಇದ್ದರು ಎಂದೂ ನೆನಪು. ಅವರ ಮುಖ ನೆನಪಿಸಿಕೊಳ್ಳಲು ಹೋದರೆ ಯಾರೂ ಇಲ್ಲ. ಯಾರೂ ಇರಲಿಲ್ಲ ಅನಿಸುತ್ತದೆ. ಅಜ್ಜಿಯೊಬ್ಬರನ್ನು ಬಿಟ್ಟು.

ಮಣಿಕಟ್ಟು ಮುರಿದಿತ್ತು. ಆರು ವಾರ ಪಟ್ಟಿ. ಆ ಆರು ವಾರ ನಾನು ಪಾತ್ರೆ ತೊಳೆದೆ, ನೆಲ ಒರೆಸಿದೆ, ಉಪ್ಪಿಲ್ಲದ ಉಪ್ಪಿಟ್ಟು ಮಾಡಿದೆ. ಊಟಕ್ಕೆ ಕೂತಾಗ ಅಜ್ಜಿಯೂ ನನ್ನ ಹಾಗೆ ಚಮಚ ಹಿಡಿಯುತ್ತಿದ್ದರು. ನನಗೆ ಕಡ್ಡಿಯಲ್ಲಿ ಉಣ್ಣಲು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ನನಗೆ ಜೊತೆಯಾಗಲಿ ಎಂದು ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಭಾಷಾ ಶಾಲೆಯ ಗೋಡೆಪತ್ರಿಕೆಯಲ್ಲಿ ನನ್ನ ಫೋಟೊ ಹಾಕಿ, ಖಾಯಿಲೆಯಿದ್ದರೂ ಅಜ್ಜಿಯನ್ನು ನೋಡಿಕೊಳ್ಳುತ್ತಿರುವ ವಿದ್ಯಾರ್ಥಿ ಎಂದು ಬರೆದರು. ಅದನ್ನು ತಪ್ಪಿಲ್ಲದೆ ಓದಲು ನನಗೆ ಬಂತು. ಓದಿಸಿ ಕೇಳಿದ ಮೇಷ್ಟ್ರು ಉಚ್ಚಾರಣೆ ಚೆನ್ನಾಗಿದೆ ಅಂದರು.

ವರ್ಷ ಮುಗಿಯಿತು. ಅಜ್ಜಿ ರೈಲ್ವೆ ನಿಲ್ದಾಣದವರೆಗೆ ಬಂದು, ನನ್ನ ಅಂಗಿಯ ಮೇಲೆ ಎದೆಯ ಹತ್ತಿರ ತಟ್ಟಿ ನೋಡಿ, ಕರಡಿಗೆ ಇದೆ ಎಂದು ಖಾತ್ರಿ ಮಾಡಿಕೊಂಡು ಕಳಿಸಿದರು. ಅವ್ವ ಊರಿನ ಬಸ್ ನಿಲ್ದಾಣದಲ್ಲಿ ಮಾಡಿದ್ದೂ ಅದನ್ನೇ.

ಈಗ ನಾನು ಅದೇ ಕಾರ್ಖಾನೆಯಲ್ಲಿ ದುಭಾಷಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಹೇಳಿದ್ದನ್ನು ಹೇಳಿದ ಹಾಗೆ ದಾಟಿಸುವವನು ಎಂದು ಹೆಸರು. "ಸಾ, ಆವಯ್ಯ ಮುಖ ಕೆಂಪಗ್ ಮಾಡ್ಕಂಡ್ ಅಷ್ಟುದ್ದ ಬಯ್ದ, ನೀವು ತಣ್ಣಗೆ ಪೂರ್ತಿ ಯೋಳ್ಬುಟ್ರಲ್ಲ, ಒಂಚೂರ್ ನುಂಗ್ಕಬಾರ್ದಾ?" ಎಂದು ಲೈನಿನ ಹುಡುಗರು ಕೊಂಕು ತೆಗೆಯುತ್ತಾರೆ. ನುಂಗುವುದು ನನಗೆ ಬರುವುದಿಲ್ಲ ಎಂದು ಅವರ ನಂಬಿಕೆ.

ಊರಿಗೆ ಮರಳಿ ಮೂರು ವರ್ಷವಾದ ಮೇಲೆ, ಕಳೆದ ಅವರೆಕಾಯಿ ಕಾಲದಲ್ಲಿ, ಒಂದು ಭಾನುವಾರ ಮೂಗೂರಿನಲ್ಲಿದ್ದೆ. ನಂಜನಗೂಡಿನಿಂದ ಮೊದಲ ಬಸ್ಸಿಗೆ ಹೊರಟು, ನರಸೀಪುರದಲ್ಲಿ ಇಳಿದು ಬೇರೆ ಬಸ್ ಹತ್ತಿ, ಎಂಟು ಗಂಟೆಗೆ ಮನೆ ಸೇರಿದ್ದೆ. ಫೋನ್ ಬಂತು. ಪರದೆಯ ಮೇಲೆ ಅಜ್ಜಿ. ಪಕ್ಕದ ಮನೆಯವರು ವಿಡಿಯೊ ಕರೆ ಮಾಡುವುದನ್ನು ಹೇಳಿಕೊಟ್ಟಿದ್ದರಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಮಾತಾಡುತ್ತಿರುವಾಗಲೇ ಅವ್ವ ಪೂಜೆ ಮುಗಿಸಿ ಜಗಲಿಗೆ ಬಂದಳು, ಹಣೆಯ ತುಂಬ ವಿಭೂತಿ, ಸೆರಗಿನ ಮೇಲೆ ಅವಳ ಕರಡಿಗೆ.

"ಅದೇ ಅಜ್ಜೀನಾ? ಕೊಡಿಲ್ಲಿ. ನನ್ ಮಗನ್ನ ಒಂದ್ ವರ್ಸ ಸಾಕಿದ್ರಿ, ನಿಮ್ ರುಣ ತೀರ್ಸಕಾಗಕಿಲ್ಲ ಅಂತ ಯೋಳು."

ಹೇಳಿದೆ. ಆದರೆ ಅಜ್ಜಿ ಕೇಳಿಸಿಕೊಳ್ಳುತ್ತಿರಲಿಲ್ಲ. ಅವ್ವನ ಕೊರಳು ನೋಡುತ್ತಿದ್ದರು. ಅವರ ಕೈ ನಿಧಾನವಾಗಿ ತಮ್ಮ ಎದೆಯ ಮೇಲೆ ಹೋಯಿತು.

"ಅಮ್ಮನಿಗೂ?" ಅಂದರು. "ಹಾಗಾದರೆ ಇದು ಮನೆತನದಲ್ಲೇ ಬಂದದ್ದು. ಪಾಪ, ಇಬ್ಬರಿಗೂ." ಕಣ್ಣು ಒದ್ದೆಯಾಯಿತು.

"ಯಾಕ್ಲಾ ಅಳ್ತಾವ್ರೆ? ಏನಂತೆ?"

"ನಿನ್ ಆರೋಗ್ಯ ಎಂಗದೆ ಅಂತ."

"ನಂಗೇನಾಗದೆ, ಗುಂಡ್ಕಲ್ಲಂಗಿವ್ನಿ," ಎಂದು ಅವ್ವ ಕರಡಿಗೆ ಮುಟ್ಟಿಕೊಂಡಳು. "ಶಿವ ಮಡಗ್ದಂಗಿರ್ತೀನಿ ಅಂತ ಯೋಳು."

ಅಮ್ಮ ತಪ್ಪದೆ ಔಷಧಿ ತೆಗೆದುಕೊಳ್ಳುತ್ತಾರೆ ಎಂದು ಅಜ್ಜಿಗೆ ಹೇಳಿದೆ. ಅಜ್ಜಿ ಪರದೆಯ ಆ ಕಡೆಯಿಂದ ಅವ್ವನಿಗೆ ತಲೆಬಾಗಿದರು. ಅವ್ವ ಕೈಮುಗಿದಳು. ಕರೆ ಮುಗಿಯಿತು.

ಅವ್ವ ಮೊರ ತಂದುಕೊಂಡು ಅವರೆಕಾಯಿ ಬಿಡಿಸಲು ಕೂತಳು. ಒಂದು ಹಿಡಿ ಬಿಡಿಸಿದ ಮೇಲೆ, ತಲೆ ಎತ್ತದೆ ಅಂದಳು.

"ನಾನು ಶಿವ ಅಂದೆ. ಶಿವನ ಎಸ್ರು ಅವ್ರ ಬಾಸೇಲೂ ಶಿವ ಅಂತ್ಲೇ ತಾನೆ? ನಿನ್ ಬಾಯಲ್ ಅದು ಬರ್ನೇ ಇಲ್ವಲ್ಲ."

ನಾನು ಮೊರದಿಂದ ಒಂದು ಕಾಯಿ ತೆಗೆದುಕೊಂಡೆ.

"ಏನ್ ಯೋಳ್ದೆ ಆಯಮ್ಮಂಗೆ?"

ಹೇಳಿಬಿಟ್ಟೆ. ಊಟದ ಮೇಜು, ತಲೆ ಆಡಿಸಿದ್ದು, ಉಪ್ಪು, ಸಲಿಕೆ, ಡ್ರಾಯರು, ಶಿವರಾತ್ರಿ, ಬಿದ್ದದ್ದು, ನುಂಗಿದ್ದು. ಇಷ್ಟು ಸರಿಯಾದ ಕ್ರಮದಲ್ಲಿ ಹೇಳಿರಲಾರೆ. ಅವ್ವ ನಡುವೆ ಒಂದೇ ಸಲ ಬಾಯಿ ಹಾಕಿದಳು.

"ಬರೀ ಕೈಯ್ಯ ಬಾಯ್ಗಾಕ್ಕಂಡ್ಯಾ?"

"ಊಂ ಕಣವ್ವ."

ಅವಳು ಬಯ್ಯುತ್ತಾಳೆ, ಅಳುತ್ತಾಳೆ, ಮಠಕ್ಕೆ ಹೋಗಿ ಪ್ರಾಯಶ್ಚಿತ್ತ ಮಾಡಿಸಿಕೊ ಅನ್ನುತ್ತಾಳೆ ಎಂದು ಕಾದೆ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಿತ್ತು.

"ಪೂಜೆ ಮಾಡ್ನಿಲ್ಲ, ಸುಳ್ಳೇಳ್ದೆ, ಅದು ಶಿವುಂಗೂ ನಿಂಗೂ ಬುಟ್ಟಿದ್ದು. ನಾನ್ಯಾರು ಕೇಳಕೆ," ಅಂದಳು. "ಆ ವಯಸ್ಸಿನ ಎಂಗಸು ಐಸು ಬಾಚ್ತಾ ಇದ್ರೆ ನೀನು ಒಳ್ಗೆ ಬೆಚ್ಚಗ್ ಕೂತಿದ್ಯಲ್ಲ, ನಾನ್ ಅಂಗಾ ನಿನ್ನ ಸಾಕಿದ್ದು?"

ನಾನು ಕೈಯಲ್ಲಿದ್ದ ಕಾಯಿಯನ್ನು ಮತ್ತೆ ಮೊರಕ್ಕೆ ಹಾಕಿದೆ.

"ಫೋನ್ ಮಾಡು."

"ಅಲ್ಲೀಗ ಊಟದ ಹೊತ್ತು ಕಣವ್ವ."

"ಉಪ್ಪಿಲ್ದಿರೋ ಊಟ ತಾನೆ, ಆರೋದ್ರೂ ಒಂದೇಯ. ಮಾಡು."

ಮಾಡಿದೆ. ಕಾರ್ಖಾನೆಯಲ್ಲಿ ಕ್ಷಮೆ ಕೇಳುವ ಮಾತುಗಳನ್ನು ನಾನು ದಿನಕ್ಕೆ ಹತ್ತು ಸಲ ದಾಟಿಸುತ್ತೇನೆ. ಅವುಗಳಲ್ಲಿ ಮೆಟ್ಟಿಲುಗಳಿವೆ, ತಪ್ಪಿನ ತೂಕಕ್ಕೆ ತಕ್ಕ ಮಾತಿದೆ. ಒಂದೂ ಬರಲಿಲ್ಲ. ಮೊದಲ ತಿಂಗಳ ವಿದ್ಯಾರ್ಥಿಯ ಹಾಗೆ ಬಿಡಿ ಬಿಡಿ ಪದಗಳಲ್ಲಿ ಹೇಳಿದೆ. ನನಗೆ ಖಾಯಿಲೆ ಇಲ್ಲ. ಅಂದೂ ಇರಲಿಲ್ಲ. ಅದು ಔಷಧಿ ಅಲ್ಲ. ಸುಳ್ಳು ಹೇಳಿದೆ.

ಅಜ್ಜಿ ಫೋನನ್ನು ಮುಖದ ಹತ್ತಿರ ತಂದುಕೊಂಡರು. ಆಮೇಲೆ ಕೇಳಿದರು: "ಹಾಗಾದರೆ ನಿನ್ನ ಎದೆ ಚೆನ್ನಾಗಿದೆಯಾ?"

"ಚೆನ್ನಾಗಿದೆ."

"ಅಮ್ಮನದೂ?"

"ಅವರದೂ."

"ಸದ್ಯ," ಅಂದರು. ನಿಜವಾಗಿಯೂ ಅಷ್ಟೇ ಅಂದರು. "ಮತ್ತೆ ಅದರೊಳಗೆ ಏನಿತ್ತು?"

ನಾಲ್ಕು ವರ್ಷ ತಡವಾಗಿ, ಅಂದು ನುಂಗಿದ್ದ ಆ ಪದ ಹೇಳಿದೆ. ಇಲ್ಲಿ ಅವ್ವ ತನ್ನ ಲಿಂಗವನ್ನು ಅಂಗೈ ಮೇಲಿಟ್ಟು ಅಜ್ಜಿಗೆ ತೋರಿಸಿದಳು, ಇಬ್ಬರೂ ಮಾತಿಲ್ಲದೆ ನೋಡಿಕೊಂಡರು ಎಂದು ಒಂದು ಸಲ ಬರೆದಿದ್ದೆ. ಚೆನ್ನಾಗಿ ಬಂದಿತ್ತು. ಆದರೆ ಹಾಗಾಗಲಿಲ್ಲ. ಲಿಂಗವನ್ನು ಹಾಗೆ ಯಾರಿಗೂ ತೋರಿಸುವುದಿಲ್ಲ. ಅವ್ವ ಸೆರಗು ಎಳೆದು ಮುಚ್ಚಿಕೊಂಡು ಕೂತಿದ್ದಳು.

"ಓಡುವಾಗ ಕೈಗೆ ಭಾರ ಅನಿಸಿತ್ತು," ಅಂದರು ಅಜ್ಜಿ. "ನಿಮ್ಮ ದೇಶದ ಮಾತ್ರೆ ತೂಕ ಜಾಸ್ತಿ ಅಂದುಕೊಂಡೆ. ಬೇರೆಯವರ ಔಷಧಿ, ತೆಗೆದು ನೋಡಲಿಲ್ಲ." ಆಮೇಲೆ, "ಆ ಸಪ್ಪೆ ಸಾರನ್ನು ಅಷ್ಟು ತಿಂಗಳು ಸುಮ್ಮನೆ ಕುಡಿಸಿದೆನಲ್ಲ ನಿನಗೆ."

"ಏನಂದ್ರು? ಬಯ್ತಾವ್ರಾ?" ಅಂದಳು ಅವ್ವ.

"ಇಲ್ಲ. ಸಪ್ಪೆ ಸಾರು ಉಣ್ಸ್ಬುಟ್ಟೆ ಅಂತ ನೊಂದ್ಕತಾವ್ರೆ."

ಅವ್ವ ಕಾಳಿನ ಮೊರ ಪಕ್ಕಕ್ಕಿಟ್ಟಳು. "ಕೈ ಎಂಗದೆ ಅಂತ ಕೇಳು."

ಆ ಮನೆ ಬಿಟ್ಟ ಮೇಲೆ ಎಷ್ಟೋ ಹೊಸವರ್ಷದ ಕಾರ್ಡು, ಸಂದೇಶ ಕಳಿಸಿದ್ದೆ. ಅದೊಂದನ್ನು ನಾನು ಕೇಳಿರಲಿಲ್ಲ. ಕೇಳಿದೆ.

ಅಜ್ಜಿ ಫೋನನ್ನು ಎದುರಿಗೆ ಏನಕ್ಕೋ ಒರಗಿಸಿಟ್ಟು, ಕೈ ಎತ್ತಿ ತೋರಿಸಿದರು. ಅಂಗೈ ಮೇಲೆ ಮಾಡಲು ಹೋದರು. ಅರ್ಧ ತಿರುಗಿ ನಿಂತಿತು. ಪರವಾಗಿಲ್ಲ, ಹಿಮ ಬಾಚುವುದನ್ನು ಬಿಟ್ಟಿದ್ದೇನೆ, ಊಟಕ್ಕೆ ಇವತ್ತಿಗೂ ಚಮಚವೇ ಸುಲಭ ಅಂದರು.

ಬಲಗೈ.

ಪರದೆ ಕನ್ನಡಿಯ ಹಾಗೆ ಎಡಬಲ ತಿರುಗಿಸಿ ತೋರಿಸುತ್ತದೆಯೇನೋ ಎಂದು ಅನುಮಾನವಾಗಿ, ಯಾವ ಕೈ ಎಂದು ಇನ್ನೊಂದು ಸಲ ಕೇಳಿದೆ. ಬಲಗೈ ಎಂದರು. ಕರಡಿಗೆ ಎಡಗೈಯಲ್ಲಿತ್ತಲ್ಲ, ಎಂದರು.